ಲೆಕ್ಕಕ್ಕೆ ಸಿಗದ ಇಳಿತದ ವರ್ಷಗಳು

2008ನೆಯ ಇಸವಿಯ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಸುಮಾರು ನಾಲ್ಕು ಸಾವಿರ ಎಕರೆ ಭೂಮಿಯ ಮೇಲೆ ಎದ್ದುನಿಂತ ಆ ನಿಲ್ದಾಣದ ಹಿಂದೆ, ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ಪ್ರಯಾಣಿಕರ ಲೆಕ್ಕವೊಂದಿತ್ತು. ಏಳು ವಾರಗಳು ಕಳೆಯುವಷ್ಟರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಿತು. ವರ್ಷದ ಆರಂಭದಲ್ಲಿ ನಲವತ್ತರ ಆಸುಪಾಸಿನಲ್ಲಿದ್ದ ಡಾಲರಿನ ಬೆಲೆ ವರ್ಷ ಮುಗಿಯುವ ಹೊತ್ತಿಗೆ ಐವತ್ತು ರೂಪಾಯಿಯ ಹತ್ತಿರಕ್ಕೆ ಬಂದಿತು. ಹಿಂದಿನ ಆರ್ಥಿಕ ವರ್ಷದಲ್ಲಿ ಒಂದು ಕೋಟಿ ದಾಟಿದ್ದ ಬೆಂಗಳೂರಿನ ವಿಮಾನ ಪ್ರಯಾಣಿಕರ ಸಂಖ್ಯೆ 2008-09ರಲ್ಲಿ 90 ಲಕ್ಷಕ್ಕಿಂತ ಕೆಳಗಿಳಿಯಿತು.

ಬೆಂಗಳೂರು ಆ ಪೆಟ್ಟಿನಿಂದ ಬೇಗನೆ ಚೇತರಿಸಿಕೊಂಡಿತು. 2023-24ರಲ್ಲಿ ಅದೇ ನಿಲ್ದಾಣವನ್ನು ಬಳಸಿದವರ ಸಂಖ್ಯೆ ಮೂರೂಮುಕ್ಕಾಲು ಕೋಟಿ. ಆದ್ದರಿಂದಲೇ ಇಳಿತದ ಆ ಒಂದು ವರ್ಷ ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಆದರೆ ಅದೇ ಏರಿಕೆಯ ರೇಖೆಯನ್ನು ತೆಗೆದುಕೊಂಡು ಚಿಕ್ಕ ಊರುಗಳಿಗೂ ಬೆಟ್ಟದ ತಪ್ಪಲುಗಳಿಗೂ ರನ್‌ವೇ ಎಳೆಯಲು ಹೊರಟಾಗ ಆ ಮರೆವು ದುಬಾರಿಯಾಗುತ್ತದೆ.

ಗಾಳಿ ಬಂದಾಗ ತೂರಿಕೊಳ್ಳುವುದು ಜಾಣತನವೇ. ಗಾಳಿ ಎಂದೂ ನಿಲ್ಲದೆಂದು ನಂಬಿ ಗದ್ದೆಯನ್ನೆಲ್ಲ ಕಣವಾಗಿಸುವುದು ಬೇರೆ ಮಾತು. ಮಲೆನಾಡು ಸ್ವತಃ ಒಮ್ಮೆ ಹೀಗೆ ಎಡವಿದೆ. 2003ರ ಸುಮಾರಿಗೆ ಹಸಿ ವೆನಿಲ್ಲಾ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಧಾರಣೆ ಬಂದಾಗ ಅಡಿಕೆ ಮರಗಳ ಬುಡಕ್ಕೆಲ್ಲ ವೆನಿಲ್ಲಾ ಹಬ್ಬಿತು. ಕೆಲವೇ ವರ್ಷಗಳಲ್ಲಿ ಧಾರಣೆ ನೂರರ ಆಸುಪಾಸಿಗೆ ಕುಸಿದು, ಬಳ್ಳಿಯನ್ನು ಕೇಳುವವರಿಲ್ಲದಾಯಿತು. ಬಳ್ಳಿಯನ್ನಾದರೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಮೂರು ಕಿಲೋಮೀಟರ್ ಉದ್ದದ ಡಾಂಬರು ಪಟ್ಟಿಯನ್ನು ಏನು ಮಾಡಬೇಕು?

ಆರ್ಥಿಕ ಹಿಂಜರಿತ ಬಂದಾಗ ವಿಮಾನ ಸಂಚಾರ ಕಡಿಮೆಯಾಗುತ್ತದೆ ಎಂಬುದು ಎಲ್ಲರೂ ಊಹಿಸಬಹುದಾದ ಸಂಗತಿ. ವರಮಾನ ಏರಿದಾಗ ಅದಕ್ಕಿಂತ ವೇಗವಾಗಿ ಏರುವ ಖರ್ಚು ಇದು. ಕೈ ಬಿಗಿಯಾದಾಗ ಮೊದಲು ಬಿಡುವ ಖರ್ಚೂ ಇದೇ. ಕಂಪನಿಗಳು ನೌಕರರನ್ನು ತೆಗೆಯುವ ಮೊದಲು ಅವರ ಪ್ರಯಾಣವನ್ನು ನಿಲ್ಲಿಸುತ್ತವೆ. 2009ರ ನಡುಭಾಗದಲ್ಲಿ ವಿಮಾನದ ಮುಂಭಾಗದ ದುಬಾರಿ ಆಸನಗಳಲ್ಲಿ ಕುಳಿತು ದೇಶದಿಂದ ದೇಶಕ್ಕೆ ಹೋಗುವವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಐದನೆಯ ಒಂದು ಭಾಗಕ್ಕೂ ಹೆಚ್ಚು ಇಳಿದಿತ್ತು. ಅದಕ್ಕೂ ಮೊದಲೇ, 2008ರ ಡಿಸೆಂಬರ್ ತಿಂಗಳೊಂದರಲ್ಲಿಯೇ, ಅಂತಾರಾಷ್ಟ್ರೀಯ ವಿಮಾನ ಸರಕು ಸಾಗಣೆ ಶೇ. 22.6ರಷ್ಟು ಕುಸಿದಿತ್ತು. ಜನ ಮನೆಯಲ್ಲಿ ಕುಳಿತುಕೊಳ್ಳುವ ಮುನ್ನ ಸರಕು ಕುಳಿತುಕೊಳ್ಳುತ್ತದೆ.

ಊಹೆಗೆ ಸುಲಭವಾಗಿ ದಕ್ಕದಿರುವುದು ಈ ಇಳಿತ ಭೂಮಿಯ ಮೇಲೆ ಹಂಚಿಹೋಗುವ ಬಗೆ. ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘದ ಅಂಕಿಅಂಶದಂತೆ 2009ರಲ್ಲಿ ದೇಶದೇಶಗಳ ನಡುವಣ ಪ್ರಯಾಣಿಕ ಸಂಚಾರ ಒಟ್ಟಾರೆ ಶೇ. 3.5ರಷ್ಟು ತಗ್ಗಿತು. ಬಿಕ್ಕಟ್ಟು ಹುಟ್ಟಿದ ಉತ್ತರ ಅಮೆರಿಕದ ವಿಮಾನ ಸಂಸ್ಥೆಗಳು ಕಳೆದುಕೊಂಡದ್ದು ಶೇ. 5.6, ಯುರೋಪಿನವು ಶೇ. 5. ಅಮೆರಿಕದ ಗೃಹಸಾಲದ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲದಿದ್ದ ಆಫ್ರಿಕದ ಸಂಸ್ಥೆಗಳು ಎಲ್ಲರಿಗಿಂತ ಹೆಚ್ಚು, ಶೇ. 6.8ರಷ್ಟು, ಕಳೆದುಕೊಂಡವು. ಲ್ಯಾಟಿನ್ ಅಮೆರಿಕ ಇದ್ದಲ್ಲಿಯೇ ನಿಂತಿತು. ಮಧ್ಯಪ್ರಾಚ್ಯದ ಸಂಸ್ಥೆಗಳೋ, ಶೇ. 11.2ರಷ್ಟು ಬೆಳೆದವು.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯ. ಅದೇ ವರ್ಷದ ನವೆಂಬರಿನಲ್ಲಿ ದುಬೈ ತನ್ನ ಸಾಲದ ಮರುಪಾವತಿಗೆ ಕಾಲಾವಕಾಶ ಕೇಳಿ ಜಗತ್ತಿನ ಹಣದ ಮಾರುಕಟ್ಟೆಗಳನ್ನು ನಡುಗಿಸಿತ್ತು. ಆದರೂ ಅಲ್ಲಿನ ವಿಮಾನಗಳು ತುಂಬಿ ಹಾರಿದವು. ಕಾರಣ, ಅವುಗಳಲ್ಲಿ ಕುಳಿತವರಲ್ಲಿ ಬಹುಮಂದಿ ಆ ನಾಡಿಗೆ ಹೋಗುವವರೂ ಅಲ್ಲ, ಆ ನಾಡಿನವರೂ ಅಲ್ಲ. ಯುರೋಪಿನಿಂದ ಏಷ್ಯಾಕ್ಕೂ ಏಷ್ಯಾದಿಂದ ಆಫ್ರಿಕಕ್ಕೂ ದಾಟುವವರು. ಕಡಿಮೆ ದರದ ಟಿಕೆಟ್ ಹುಡುಕುವವರು ಹೆಚ್ಚಿದಂತೆಲ್ಲ ನಡುದಾರಿಯ ಆ ತಂಗುದಾಣಗಳಿಗೆ ಲಾಭವಾಯಿತು. ಮಾಲೀಕತ್ವ ಅಲ್ಲಿನ ಸರ್ಕಾರಗಳದಾದ್ದರಿಂದ, ಮೊದಲೇ ಕೊಂಡಿದ್ದ ಹೊಸ ವಿಮಾನಗಳು ನಿಲ್ಲದೆ ಬರುತ್ತಲೇ ಇದ್ದವು. ಕರಾವಳಿಯ ಓದುಗರು ಇನ್ನೊಂದು ಸಂಗತಿಯನ್ನೂ ಬಲ್ಲರು. ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಮೂರೇ ವರ್ಷಗಳಲ್ಲಿ ದುಬೈಯ ಅರ್ಧಂಬರ್ಧ ಕಟ್ಟಡಗಳ ಮೇಲೆ ಕ್ರೇನುಗಳು ಸುಮ್ಮನೆ ನಿಂತವು. ಸಂಚಾರದ ಲೆಕ್ಕದಲ್ಲಿ, ಕೆಲಸ ಕಳೆದುಕೊಂಡು ಊರಿಗೆ ಮರಳಿದವನೂ ಒಬ್ಬ ಪ್ರಯಾಣಿಕನೇ.

ಆಫ್ರಿಕದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ದಾರಿಗಳೇ ತೆಳುವು. ವಾರಕ್ಕೆ ಎರಡೋ ಮೂರೋ ವಿಮಾನ ಹಾರುವ ಊರಿಗೆ ಹತ್ತು ಆಸನ ಖಾಲಿಯಾದರೆ ಆ ದಾರಿಯೇ ಮುಚ್ಚುತ್ತದೆ. ವಿಮಾನದ ಬಾಡಿಗೆ, ಇಂಧನ, ಬಿಡಿಭಾಗ ಎಲ್ಲವನ್ನೂ ಡಾಲರಿನಲ್ಲಿ ಕೊಡಬೇಕು, ಟಿಕೆಟಿನ ಹಣ ಬರುವುದು ಸ್ಥಳೀಯ ನಾಣ್ಯದಲ್ಲಿ. ಹನ್ನೊಂದು ದೇಶಗಳು ಕೂಡಿ 1961ರಲ್ಲಿ ಕಟ್ಟಿದ ಏರ್ ಆಫ್ರಿಕ್ ಸಂಸ್ಥೆಯ ಗತಿ ಇದಕ್ಕೆ ನಿದರ್ಶನ. 1994ರ ಜನವರಿಯಲ್ಲಿ ಆ ದೇಶಗಳ ಸಮಾನ ನಾಣ್ಯವಾದ ಸಿಎಫ್‌ಎ ಫ್ರಾಂಕಿನ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕಿಳಿಸಲಾಯಿತು. ವಿದೇಶಿ ನಾಣ್ಯದಲ್ಲಿದ್ದ ಸಾಲ ರಾತ್ರಿ ಬೆಳಗಾಗುವುದರೊಳಗೆ ಇಮ್ಮಡಿಯಾಯಿತು. ಆಡಳಿತದ ದೋಷಗಳೂ ಇದ್ದವೆನ್ನಿ. ಆದರೆ ಆ ಹೊರೆಯಿಂದ ಸಂಸ್ಥೆ ಮತ್ತೆ ಮೇಲೇಳಲಿಲ್ಲ. 2002ರಲ್ಲಿ ಅದು ದಿವಾಳಿಯಾದಾಗ ಪಶ್ಚಿಮ ಆಫ್ರಿಕದ ನೆರೆಹೊರೆಯ ರಾಜಧಾನಿಗಳನ್ನು ಬೆಸೆದಿದ್ದ ಜಾಲವೂ ಹರಿಯಿತು.

ನಾಣ್ಯದ ಕುಸಿತ ಎಲ್ಲ ಕಡೆಯೂ ವಿಮಾನಗಳನ್ನು ಖಾಲಿ ಮಾಡುತ್ತದೆಂದಲ್ಲ. 1997ರ ಜುಲೈ 2ರಂದು ಥಾಯ್ಲೆಂಡಿನ ಬಾತ್ ಕುಸಿದು ಏಷ್ಯಾದ ಬಿಕ್ಕಟ್ಟು ಆರಂಭವಾದಾಗ ಹೊರದೇಶಕ್ಕೆ ಹೋಗುವ ಥಾಯ್ ಜನರ ಕೈ ಕಟ್ಟಿತು. ಮುಂದಿನ ವರ್ಷ ಫಿಲಿಪೈನ್ಸಿನ ಹಳೆಯ ವಿಮಾನ ಸಂಸ್ಥೆ ಎರಡು ವಾರ ಬಾಗಿಲು ಹಾಕಬೇಕಾಯಿತು. ಆದರೆ ಅದೇ 1998ರಲ್ಲಿ ಥಾಯ್ಲೆಂಡಿಗೆ ಬಂದ ವಿದೇಶಿ ಪ್ರವಾಸಿಗಳ ಸಂಖ್ಯೆ 72 ಲಕ್ಷದಿಂದ 77 ಲಕ್ಷಕ್ಕೆ ಏರಿತು. ಅಗ್ಗವಾದ ದೇಶ ಇತರರಿಗೆ ಆಕರ್ಷಕವಾಯಿತು. ಹತ್ತು ವರ್ಷಗಳ ತರುವಾಯ ಐಸ್‌ಲೆಂಡಿನಲ್ಲಿ ಇದೇ ನಾಟಕ ಇನ್ನೂ ದೊಡ್ಡದಾಗಿ ನಡೆಯಿತು. 2008ರ ಅಕ್ಟೋಬರಿನಲ್ಲಿ ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು ಮುಳುಗಿದವು, ನಾಣ್ಯ ಸೋತಿತು. ಮೂರೂವರೆ ಲಕ್ಷ ಜನರೂ ಇಲ್ಲದ ಆ ದ್ವೀಪಕ್ಕೆ 2018ರಲ್ಲಿ ಬಂದಿಳಿದ ವಿದೇಶಿಯರು 23 ಲಕ್ಷ. ಬಿಕ್ಕಟ್ಟಿನ ಕಾಲದಲ್ಲಿ ಪ್ರವಾಸೋದ್ಯಮವೇ ದೇಶವನ್ನು ಎತ್ತಿತೆಂದು ಅರ್ಥಶಾಸ್ತ್ರಜ್ಞರು ಬರೆದರು. ಕಾಲ್ತುಳಿತಕ್ಕೆ ಸಿಕ್ಕು ನಶಿಸುತ್ತಿದ್ದ ಪಾಚಿಯ ನೆಲ ಚೇತರಿಸಿಕೊಳ್ಳಲೆಂದು 2019ರಲ್ಲಿ ದಕ್ಷಿಣದ ಒಂದು ಕಣಿವೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತೆಂಬುದನ್ನು ಬರೆದವರು ಕಡಿಮೆ.

ಹಿಂಜರಿತ ಬಂದರೆ ನಿಸರ್ಗಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ ಎಂದು ಪರಿಸರದ ಬಳಗದಲ್ಲಿಯೂ ಕೆಲವರು ನಂಬುತ್ತಾರೆ. ಆ ನಂಬಿಕೆಯನ್ನು ಈ ಉದಾಹರಣೆಗಳ ಬೆಳಕಿನಲ್ಲಿ ಮರುಪರಿಶೀಲಿಸಬೇಕಾಗಿದೆ. ಭಾರ ಇಳಿಯುವುದಕ್ಕಿಂತ ಹೆಚ್ಚಾಗಿ ಭಾರ ಸ್ಥಳಾಂತರವಾಗುತ್ತದೆ. 2009ರಲ್ಲಿ ಬ್ರಿಟನ್ನಿನ ಜನ ವಿದೇಶಕ್ಕೆ ಹೋಗುವುದನ್ನು ಶೇ. 15ರಷ್ಟು ಕಡಿಮೆ ಮಾಡಿ, ತಮ್ಮದೇ ಕಡಲತೀರಗಳನ್ನೂ ಗುಡ್ಡಗಳನ್ನೂ ತುಂಬಿದರು. 2020ರ ಸಾಂಕ್ರಾಮಿಕದ ಲಾಕ್‌ಡೌನ್ ಸಡಿಲವಾದೊಡನೆ, ವಿದೇಶದ ಬಾಗಿಲು ಮುಚ್ಚಿಕೊಂಡ ಬೆಂಗಳೂರಿನ ಕಾರುಗಳು ಕೊಡಗಿಗೂ ಮುಳ್ಳಯ್ಯನಗಿರಿಗೂ ಹತ್ತಿದ್ದನ್ನು ಮಲೆನಾಡು ಕಣ್ಣಾರೆ ಕಂಡಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2009ರಲ್ಲಿ ಶೇ. 1.4ರಷ್ಟು ತಗ್ಗಿ, ಮರುವರ್ಷ ಶೇ. 5.9ರಷ್ಟು ಏರಿತು.

ವಿಮಾನಯಾನದಲ್ಲಂತೂ ಇಳಿತದ ಕಾಲವೇ ಮುಂದಿನ ಏರಿಕೆಯ ಬಿತ್ತನೆಯ ಕಾಲ. ನ್ಯೂಯಾರ್ಕಿನ ಗೋಪುರಗಳ ಮೇಲಣ ದಾಳಿಯ ನಂತರ ಯಾರೂ ವಿಮಾನ ಕೊಳ್ಳದಿದ್ದಾಗ, 2002ರ ಜನವರಿಯಲ್ಲಿ, ಐರ್ಲೆಂಡಿನ ರಾಯನ್‌ಏರ್ ಒಮ್ಮೆಲೇ ನೂರು ಬೋಯಿಂಗ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅದಕ್ಕೆ ಒಂದು ತಿಂಗಳ ಮೊದಲು ಮಲೇಷ್ಯಾದ ಏರ್‌ಏಷ್ಯಾ ಸಾಲದ ಸಮೇತ ಒಂದು ರಿಂಗಿಟ್ಟಿಗೆ ಕೈಬದಲಾಗಿತ್ತು. ಅಗ್ಗದ ಹಾರಾಟದ ಯುಗ ಹುಟ್ಟಿದ್ದು ಸಮೃದ್ಧಿಯಿಂದಲ್ಲ, ಕುಸಿತದಿಂದ. 2009ರಲ್ಲಿ ಜಗತ್ತಿನ ವಿಮಾನ ಪ್ರಯಾಣಿಕರು ಇನ್ನೂರೈವತ್ತು ಕೋಟಿಗೂ ಕಡಿಮೆಯಿದ್ದರು; 2019ರಲ್ಲಿ ನಾನೂರೈವತ್ತು ಕೋಟಿ. 2020ರಲ್ಲಿ ಸಂಚಾರದ ಮೂರನೆಯ ಎರಡು ಭಾಗ ಅಳಿಸಿಹೋಯಿತು. 2024ರ ಹೊತ್ತಿಗೆ ಅದು 2019ರ ಮಟ್ಟವನ್ನೂ ದಾಟಿತು.

ಪ್ರಯಾಣಿಕರೆಂದರೆ ಇಲ್ಲಿ ಟಿಕೆಟುಗಳ ಎಣಿಕೆಯೇ ಹೊರತು ಮನುಷ್ಯರ ಎಣಿಕೆಯಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನರಲ್ಲಿ ನೂರಕ್ಕೆ ಹನ್ನೊಂದು ಮಂದಿ ಮಾತ್ರ. ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧ ಭಾಗಕ್ಕೆ ಕಾರಣರಾದವರು ನೂರಕ್ಕೆ ಒಬ್ಬರು.

ಇಳಿತದ ವರ್ಷವನ್ನು ಲೆಕ್ಕದಿಂದ ಹೊರಗಿಡುವ ಅಭ್ಯಾಸ ಎಷ್ಟು ಮೇಲಿನವರೆಗೆ ಹೋಗಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ರೂಪಿಸಿದ ‘ಕಾರ್ಸಿಯಾ’ ಎಂಬ ವ್ಯವಸ್ಥೆಯಂತೆ, ನಿಗದಿತ ಮಿತಿಗಿಂತ ಹೆಚ್ಚು ಇಂಗಾಲ ಸೂಸುವ ವಿಮಾನ ಸಂಸ್ಥೆಗಳು ಆ ಹೆಚ್ಚಳಕ್ಕೆ ಬೆಲೆ ತೆರಬೇಕು. 2019 ಮತ್ತು 2020ರ ಸರಾಸರಿಯೇ ಆ ಮಿತಿಯೆಂದು ಮೊದಲು ನಿಶ್ಚಯವಾಗಿತ್ತು. 2020ರಲ್ಲಿ ವಿಮಾನಗಳು ನೆಲ ಹಿಡಿದು, ಮಿತಿ ತಾನಾಗಿಯೇ ಬಹಳ ಕೆಳಗಿಳಿಯುವ ಸಂದರ್ಭ ಒದಗಿತು. ಆ ವರ್ಷದ ಜೂನಿನಲ್ಲಿಯೇ ಸಂಘಟನೆಯ ಮಂಡಳಿ ಸೇರಿ, ವ್ಯವಸ್ಥೆಯ ಮೊದಲ ಹಂತಕ್ಕೆ 2019 ಒಂದನ್ನೇ ಅಳತೆಗೋಲಾಗಿ ಉಳಿಸಿಕೊಂಡಿತು. 2022ರಲ್ಲಿ ಮುಂದಿನ ವರ್ಷಗಳ ಮಿತಿಯನ್ನು 2019ರ ಶೇ. 85ಕ್ಕೆ ಇಳಿಸಲಾಯಿತಾದರೂ 2020 ಮಾತ್ರ ಮತ್ತೆ ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ.

ವಿಮಾನವಾದರೆ ಬೇಡಿಕೆ ಇಲ್ಲದಲ್ಲಿಂದ ಎದ್ದು ಬೇರೆಡೆ ಹಾರಬಲ್ಲದು. ಇಲ್ಲವೇ ಅರಿಜೋನಾದ ಮರುಭೂಮಿಯಲ್ಲಿ ಸಾಲಾಗಿ ನಿಂತು ಒಳ್ಳೆಯ ದಿನಕ್ಕೆ ಕಾಯಬಲ್ಲದು. ಅದು ಇಳಿಯುವ ನೆಲಕ್ಕೆ ಆ ಅನುಕೂಲವಿಲ್ಲ. ಕೆನಡಾದ ಮಾಂಟ್ರಿಯಲ್ ಬಳಿ ಮಿರಾಬೆಲ್ ಎಂಬಲ್ಲಿ 1969ರಲ್ಲಿ ಸುಮಾರು 97,000 ಎಕರೆ ಕೃಷಿಭೂಮಿಯನ್ನು ರೈತರಿಂದ ವಶಪಡಿಸಿಕೊಳ್ಳಲಾಯಿತು. ನಿಲ್ದಾಣ ತೆರೆದದ್ದು 1975ರಲ್ಲಿ, ಮೊದಲ ತೈಲ ಬಿಕ್ಕಟ್ಟು ಎದ್ದು ಎರಡು ವರ್ಷಗಳಾದ ಮೇಲೆ. ವಾಣಿಜ್ಯ ಟೊರಾಂಟೊಗೆ ಸರಿಯಿತು, ಮಾಂಟ್ರಿಯಲ್‌ನಲ್ಲಿ ಇಳಿಯದೆಯೇ ಮುಂದೆ ಹಾರಬಲ್ಲ ವಿಮಾನಗಳು ಬಂದವು, ನಗರಕ್ಕೆ ದೂರವೂ ಹೆಚ್ಚಾಯಿತು. ಊಹಿಸಿದ ಜನಸಾಗರ ಬರಲೇ ಇಲ್ಲ. 2004ರಲ್ಲಿ ಪ್ರಯಾಣಿಕ ಸಂಚಾರ ನಿಂತಿತು, ಹತ್ತು ವರ್ಷಗಳ ತರುವಾಯ ಟರ್ಮಿನಲ್ ಕಟ್ಟಡವನ್ನು ಒಡೆಯಲಾರಂಭಿಸಿದರು. ಭೂಮಿಯ ಬಹುಭಾಗವನ್ನು ರೈತರಿಗೆ ಮರಳಿಸಲಾಯಿತೆಂಬುದು ನಿಜ. ಅದಕ್ಕೆ ಅವರು ದಶಕಗಳ ಕಾಲ ಹೋರಾಡಬೇಕಾಯಿತು.

ಅಮೆರಿಕದ ಸೇಂಟ್ ಲೂಯಿಯಲ್ಲಿ ಹೊಸ ರನ್‌ವೇಗಾಗಿ ಬ್ರಿಡ್ಜ್‌ಟನ್ ಎಂಬ ಉಪನಗರದ ಸುಮಾರು ಎರಡು ಸಾವಿರ ಮನೆಗಳನ್ನು ತೆರವು ಮಾಡಲಾಯಿತು. ಕೆಲಸ ನಡೆಯುತ್ತಿದ್ದಾಗಲೇ ಅಲ್ಲಿ ಬೀಡುಬಿಟ್ಟಿದ್ದ ಟಿಡಬ್ಲ್ಯುಎ ಸಂಸ್ಥೆ ದಿವಾಳಿಯಾಗಿ ಮಾರಾಟವಾಯಿತು. ಕೊಂಡ ಸಂಸ್ಥೆ 2003ರಲ್ಲಿ ಹಾರಾಟಗಳನ್ನು ಅರ್ಧದಷ್ಟು ಕಡಿದುಹಾಕಿತು. 2000ದಲ್ಲಿ ಮೂರು ಕೋಟಿಯಿದ್ದ ಪ್ರಯಾಣಿಕರ ಸಂಖ್ಯೆ ಅರ್ಧಕ್ಕೂ ಕೆಳಗಿಳಿದಿತ್ತು. ಆದರೂ ಕಾಮಗಾರಿ ನಿಲ್ಲಲಿಲ್ಲ. ನೂರು ಕೋಟಿ ಡಾಲರಿಗೂ ಮಿಕ್ಕು ಖರ್ಚಿನ ರನ್‌ವೇ 2006ರಲ್ಲಿ ಉದ್ಘಾಟನೆಯಾಯಿತು. ಸ್ಪೇನಿನ ಸಿಯುದಾದ್ ರಿಯಾಲ್‌ನಲ್ಲಿ ಸುಮಾರು ನೂರು ಕೋಟಿ ಯೂರೊ ಸುರಿದ ಖಾಸಗಿ ನಿಲ್ದಾಣ 2008ರ ಕೊನೆಗೆ ತೆರೆದು 2012ರಲ್ಲಿ ಮುಚ್ಚಿತು. ನಂತರ ಅದು ಮಾರಾಟವಾದದ್ದು ಐದೂವರೆ ಕೋಟಿ ಯೂರೊದ ಆಸುಪಾಸಿಗೆ.

ಇವೆಲ್ಲ ಶ್ರೀಮಂತ ದೇಶಗಳ ದೊಡ್ಡ ತಪ್ಪುಗಳು, ನಮ್ಮ ಸಣ್ಣ ನಿಲ್ದಾಣಗಳಿಗೆ ಅನ್ವಯಿಸುವುದಿಲ್ಲ ಎಂಬ ವಾದ ಬರಬಹುದು. ವಾಸ್ತವದಲ್ಲಿ ಸಣ್ಣ ನಿಲ್ದಾಣದ ಸ್ಥಿತಿ ಇನ್ನೂ ನಾಜೂಕು. ಹಿಂಜರಿತ ದೊಡ್ಡ ನಗರದಲ್ಲಿ ಹತ್ತು ವಿಮಾನಗಳನ್ನು ಎಂಟಾಗಿಸಿದರೆ, ಚಿಕ್ಕ ಊರಿನಲ್ಲಿ ಒಂದನ್ನು ಸೊನ್ನೆಯಾಗಿಸುತ್ತದೆ. ಆಫ್ರಿಕದ ತೆಳು ದಾರಿಗಳ ಮೇಲೆ ನಡೆದದ್ದೇ ಭಾರತದ ಗಿರಿಪಟ್ಟಣಗಳಲ್ಲಿಯೂ ನಡೆದಿದೆ. ಕಿಂಗ್‌ಫಿಷರ್ ಸಂಸ್ಥೆ ಮುಳುಗಿದ 2012ರಲ್ಲಿ ದೇಶದ ಒಳನಾಡಿನ ವಿಮಾನ ಸಂಚಾರ ಶೇ. 3ರಷ್ಟು ಮಾತ್ರ ತಗ್ಗಿತು. ಆದರೆ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದ ಶಿಮ್ಲಾದ ನಿಲ್ದಾಣ ಆ ವರ್ಷದಿಂದ 2017ರವರೆಗೆ ನಿಯಮಿತ ವಿಮಾನವನ್ನೇ ಕಾಣಲಿಲ್ಲ. ಮೈಸೂರಿನ ಮಂಡಕಳ್ಳಿಯಲ್ಲಿ 2010ರಲ್ಲಿ ಸಡಗರದಿಂದ ಆರಂಭವಾದ ಸೇವೆ 2011ರ ಅಂತ್ಯಕ್ಕೆ ನಿಂತಿತು. 2013ರಲ್ಲಿ ಇನ್ನೊಂದು ಸಂಸ್ಥೆ ಬಂದು ಮರುವರ್ಷ ಹೊರಟುಹೋಯಿತು. 2017ರಲ್ಲಿ ಸರ್ಕಾರದ ಸಹಾಯಧನದೊಂದಿಗೆ ಮತ್ತೆ ಆರಂಭವಾಯಿತು.

ಆ ಸಹಾಯಧನದ ಹೆಸರೇ ಉಡಾನ್. ಚಿಕ್ಕ ಊರುಗಳಿಗೆ ಹಾರುವ ಸಂಸ್ಥೆಗಳ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಈ ಯೋಜನೆಯ ಮೊದಲ ಮೂರು ಸುತ್ತುಗಳನ್ನು ಮಹಾಲೇಖಪಾಲರು ಪರಿಶೀಲಿಸಿ 2023ರಲ್ಲಿ ಕೊಟ್ಟ ವರದಿಯನ್ನು ಪ್ರತಿಯೊಬ್ಬ ಶಾಸಕರೂ ಓದುವುದೊಳಿತು. ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಸಹಾಯಧನ ಮುಗಿದ ಬಳಿಕವೂ, 2023ರ ಮಾರ್ಚ್ ವೇಳೆಗೆ, ಉಳಿದುಕೊಂಡಿದ್ದವು 54. ಇದರಲ್ಲಿ ಸಾಂಕ್ರಾಮಿಕದ ಪಾಲೂ ಇದೆ, ಒಪ್ಪಬೇಕು. ಆದರೆ ನಷ್ಟ ತುಂಬುವ ಹಣದ ಮೂಲವನ್ನು ಗಮನಿಸಬೇಕು: ದೊಡ್ಡ ನಗರಗಳ ನಡುವಣ ವಿಮಾನಗಳ ಮೇಲೆ ಹಾಕುವ ಸುಂಕದಿಂದ ಅದರ ಮುಖ್ಯ ಭಾಗ ಬರುತ್ತದೆ. ಹಿಂಜರಿತದಲ್ಲಿ ಚಿಕ್ಕ ಊರಿನ ನಷ್ಟ ಹೆಚ್ಚುವ ಹೊತ್ತಿಗೇ ದೊಡ್ಡ ಊರಿನ ಸುಂಕ ಬತ್ತುತ್ತದೆ. ಕೆರೆ ಒಣಗಿದ ದಿನವೇ ತೋಟಕ್ಕೆ ನೀರು ಬೇಕಾಗುವ ವ್ಯವಸ್ಥೆ ಇದು.

ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗದಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿತು. ಬೆಂಗಳೂರಿನದನ್ನು ಬಿಟ್ಟರೆ ರಾಜ್ಯದ ಅತಿ ಉದ್ದದ ರನ್‌ವೇ ಅದು. ಅದರ ಮೇಲೆ ಬಂದಿಳಿದದ್ದು ಎಂಬತ್ತಕ್ಕೂ ಕಡಿಮೆ ಆಸನಗಳ ಪುಟ್ಟ ವಿಮಾನ. ತುರ್ತು ಚಿಕಿತ್ಸೆಗೆ, ಉದ್ಯೋಗಕ್ಕೆ ಅದರಿಂದ ಪ್ರಯೋಜನ ಪಡೆದವರಿದ್ದಾರೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಕಟ್ಟಿಯಾದ ನಿಲ್ದಾಣವನ್ನು ಚೆನ್ನಾಗಿ ಬಳಸಲಿ. ಪ್ರಶ್ನೆ ಇರುವುದು ಇನ್ನೂ ಕಟ್ಟದಿರುವುದರ ಬಗ್ಗೆ. ಚಿಕ್ಕಮಗಳೂರು, ಕೊಡಗುಗಳಿಗೂ ಏರ್‌ಸ್ಟ್ರಿಪ್ ಬೇಕೆಂಬ ಬೇಡಿಕೆ, ಭರವಸೆಗಳು ಪದೇಪದೇ ಕೇಳಿಬಂದಿವೆ. ಅಂಥ ಯೋಜನೆಯ ವರದಿಯಲ್ಲಿ 2009ರ ಪುಟವೆಲ್ಲಿ, 2012ರ ಪುಟವೆಲ್ಲಿ, 2020ರ ಪುಟವೆಲ್ಲಿ? ವರ್ಷಕ್ಕೆ ಇಷ್ಟು ಪ್ರವಾಸಿಗಳು ಬರುವರೆಂಬ ಅಂದಾಜಿನ ಪಕ್ಕದಲ್ಲಿ, ಬರದ ವರ್ಷಗಳಲ್ಲಿ ನಿರ್ವಹಣೆಯ ಖರ್ಚನ್ನು ಯಾವ ಇಲಾಖೆ ಹೊರುತ್ತದೆ ಎಂಬುದೂ ಇರಬೇಕಲ್ಲವೇ?

ಇದಕ್ಕಿಂತ ಮುಖ್ಯವಾದದ್ದು ಭೂಮಿಯ ಪ್ರಶ್ನೆ. 2013ರ ಭೂಸ್ವಾಧೀನ ಕಾಯಿದೆಯ 101ನೆಯ ಪ್ರಕರಣದಂತೆ, ಸ್ವಾಧೀನಕ್ಕೆ ಪಡೆದ ಭೂಮಿ ಐದು ವರ್ಷಗಳ ಕಾಲ ಬಳಕೆಯಾಗದೆ ಉಳಿದರೆ ಅದನ್ನು ಮೂಲ ಒಡೆಯರಿಗೋ ಅವರ ವಾರಸುದಾರರಿಗೋ, ಇಲ್ಲವೇ ಸರ್ಕಾರದ ಭೂಬ್ಯಾಂಕಿಗೋ ಮರಳಿಸಬೇಕು. ಗುಡ್ಡವನ್ನು ಕಡಿದು, ಕಣಿವೆಯನ್ನು ತುಂಬಿ, ಡಾಂಬರು ಹಾಸಿ, ಎರಡು ವರ್ಷ ವಿಮಾನ ಹಾರಿಸಿ, ನಂತರ ಐದು ವರ್ಷ ಬೀಗ ಹಾಕಿದ ರನ್‌ವೇ ಈ ಪ್ರಕರಣದ ಅರ್ಥದಲ್ಲಿ ‘ಬಳಕೆಯಾಗದ’ ಭೂಮಿಯೋ, ಅಲ್ಲವೋ? ಅಹವಾಲು ಸಭೆಗೆ ಬರುವ ಅಧಿಕಾರಿಗಳಿಂದ ಗ್ರಾಮಸ್ಥರು ಈ ಒಂದು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಬೇಕು, ಅಧಿಸೂಚನೆ ಹೊರಡುವ ಮೊದಲು.